ಲೀಗ್‌ಗೆ ಮುಂಚಿನ ಟೆನ್ಸ್ ಟೂರ್ನಿ: ರಗ್ಬಿ ತಂಡವನ್ನು ಅಣಿಗೊಳಿಸುವ ಬಗೆ

ಲೀಗ್ ಶುರುವಾಗುವುದಕ್ಕೆ ಎರಡು-ಮೂರು ವಾರ ಇರುವಾಗ ನಡೆಯುವ ಎರಡು ದಿನಗಳ ಟೆನ್ಸ್ (ಪ್ರತಿ ಕಡೆಗೆ ಹತ್ತು ಜನರ ರಗ್ಬಿ) ಟೂರ್ನಿಯಲ್ಲಿ ಪ್ರತಿ ಆಟಗಾರನಿಗೂ ನಲವತ್ತು ನಿಮಿಷದಷ್ಟು ನಿಜವಾದ ಟ್ಯಾಕಲ್ (ಚೆಂಡು ಹಿಡಿದವನನ್ನು ಹಿಡಿದು ಕೆಡವುವುದು), ನಿಜವಾದ ಓಟ ಸಿಗಬೇಕು. ಮುಗಿದ ಮೇಲೆ ಎಲ್ಲರೂ ಲೀಗಿನ ಮೊದಲ ಪಂದ್ಯಕ್ಕೆ ನೆಟ್ಟಗೆ ಉಳಿದಿರಬೇಕು. ಇವೆರಡರಲ್ಲಿ ಒಂದು ಕೈತಪ್ಪಿದರೂ ಕಪ್ ಗೆದ್ದು ಬಂದದ್ದು ನಷ್ಟದ ಬಾಬತ್ತೇ.

ಟೆನ್ಸ್ ಹೊಸ ಆಟವಲ್ಲ. ಮಲೇಷ್ಯಾದ ಕೋಬ್ರಾ ಕ್ಲಬ್ 1967ರಲ್ಲೇ ಇದರ ಟೂರ್ನಿ ಆರಂಭಿಸಿತು. ಪೂರ್ಣ ಅಳತೆಯ ಮೈದಾನ, ಪ್ರತಿ ಕಡೆಗೆ ಹತ್ತು ಜನ, ಹತ್ತು ಹತ್ತು ನಿಮಿಷದ ಎರಡು ಅವಧಿ. ಎರಡೂ ಕಡೆಯವರು ತೋಳು ಬೆಸೆದು ಚೆಂಡಿಗಾಗಿ ತಳ್ಳಾಡುವ ಸ್ಕ್ರಮ್‌ಗೆ ಐವರು: ಮುಂದೆ ಮೂವರು, ಹಿಂದೆ ಇಬ್ಬರು. ಟ್ರೈ (ಎದುರಾಳಿಯ ಗೆರೆಯಾಚೆ ಚೆಂಡನ್ನು ನೆಲಕ್ಕೆ ಮುಟ್ಟಿಸುವುದು) ಆದ ಮೇಲೆ ಸಿಗುವ ಒದೆತವಾದ ಕನ್ವರ್ಷನ್‌ಗೆ ಡ್ರಾಪ್ ಕಿಕ್ಕೇ (ಚೆಂಡನ್ನು ನೆಲಕ್ಕೆ ಬಿಟ್ಟು ಪುಟಿಯುವಾಗ ಒದೆಯುವುದು) ಹೊಡೆಯಬೇಕು. ಹಳದಿ ಕಾರ್ಡ್ ಬಿದ್ದರೆ ಎರಡು ನಿಮಿಷ ಹೊರಗೆ. ಬದಲಿ ಆಟಗಾರರು ಎಷ್ಟು, ಹೊರಹೋದವನು ಮತ್ತೆ ಇಳಿಯಬಹುದೇ ಎಂಬುದನ್ನು ಆಯಾ ಟೂರ್ನಿಯ ನಿಯಮಪತ್ರದಲ್ಲಿ ಓದಿಕೊಂಡೇ ಪಟ್ಟಿ ಮಾಡಿ.

ಟೂರ್ನಿ ನಡೆಸುವವರು ಮೊದಲು ಗುಂಪುಗಳ ಲೆಕ್ಕ ಸರಿಮಾಡಿಕೊಳ್ಳಬೇಕು. ಹನ್ನೆರಡು ತಂಡಗಳಿದ್ದರೆ ನಾಲ್ಕು ತಂಡಗಳ ಮೂರು ಗುಂಪು ಮಾಡುವ ಆಸೆ ಹುಟ್ಟುತ್ತದೆ. ಮಾಡಬೇಡಿ. ಅದರಲ್ಲಿ 18 ಪಂದ್ಯಗಳಾಗುತ್ತವೆ. ಪಂದ್ಯಕ್ಕೆ ಅರ್ಧ ಗಂಟೆಯಂತೆ ಒಂದೇ ಮೈದಾನದಲ್ಲಿ ಒಂಬತ್ತು ಗಂಟೆ. ಅದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಕ್ವಾರ್ಟರ್ ಫೈನಲ್‌ಗೆ ಎಂಟು ತಂಡ ಬೇಕಾದ್ದರಿಂದ ಮೂರನೇ ಸ್ಥಾನದವರಲ್ಲಿ ಇಬ್ಬರನ್ನು ಅಂಕಗಳ ಅಂತರ ನೋಡಿ ಆರಿಸಬೇಕಾಗುತ್ತದೆ. ಆಗ ಪಂದ್ಯ ಗೆದ್ದಾದ ಮೇಲೂ ಇನ್ನೊಂದು ಟ್ರೈ ಬೇಕೆಂದು ಕೋಚ್ ತನ್ನ ಮುಖ್ಯ ಆಟಗಾರರನ್ನು ಮೈದಾನದಲ್ಲೇ ಉಳಿಸುತ್ತಾನೆ. ನಿಮಿಷಗಳ ಲೆಕ್ಕವೆಲ್ಲ ಅಲ್ಲೇ ಹರಿದುಹೋಗುತ್ತದೆ.

ಮೂರು ತಂಡಗಳ ನಾಲ್ಕು ಗುಂಪು ಮಾಡಿದರೆ ಮೊದಲ ದಿನ 12 ಪಂದ್ಯ, ಆರು ಗಂಟೆ. ತಂಡಕ್ಕೆ ಎರಡೇ ಪಂದ್ಯ, ಪ್ರತಿ ಗುಂಪಿನಿಂದ ಮೊದಲ ಇಬ್ಬರು ನೇರವಾಗಿ ಮುಂದಕ್ಕೆ. ಪ್ರತಿ ಸುತ್ತಿನಲ್ಲೂ ಗುಂಪುಗಳ ಕ್ರಮ ಒಂದೇ ಇರಲಿ. ಮೊದಲ ಸುತ್ತಿನಲ್ಲಿ ಕೊನೆಗೆ ಆಡಿದ ಗುಂಪನ್ನು ಎರಡನೇ ಸುತ್ತಿನ ಆರಂಭಕ್ಕೆ ತಂದರೆ ಒಂದು ತಂಡ ಬೆವರು ಒರೆಸಿಕೊಳ್ಳುವಷ್ಟರಲ್ಲೇ ಮತ್ತೆ ಇಳಿಯಬೇಕಾಗುತ್ತದೆ. ಕ್ರಮ ಉಳಿಸಿಕೊಂಡರೆ ಎಲ್ಲರಿಗೂ ಕಡಿಮೆಯೆಂದರೂ ಒಂದೂವರೆ ಗಂಟೆ ಬಿಡುವು. ಎರಡನೇ ದಿನ ಸೋತವರಿಗೂ ಕೆಳಹಂತದ ಪಂದ್ಯಗಳನ್ನಿಡಿ; ದೂರದಿಂದ ಬಂದ ತಂಡ ಎರಡೇ ಪಂದ್ಯ ಆಡಿ ಹಿಂತಿರುಗಿದರೆ ಅದರ ತಯಾರಿ ಅರೆಬರೆಯಾಗುತ್ತದೆ.

ಇನ್ನು ತಂಡದ ಲೆಕ್ಕ. ಒಂದು ಪಂದ್ಯಕ್ಕೆ ಹತ್ತು ಜನ, 20 ನಿಮಿಷ: ಹಂಚಲು 200 ನಿಮಿಷ. ಫೈನಲ್‌ವರೆಗೂ ಹೋದರೆ ಐದು ಪಂದ್ಯ, 1000 ನಿಮಿಷ. 24 ಜನರ ತಂಡದಲ್ಲಿ ಸಮನಾಗಿ ಹಂಚಿದರೆ ತಲೆಗೆ ಸುಮಾರು 42 ನಿಮಿಷ. ದಿನಕ್ಕೆ ಯಾರಿಗೂ 30 ನಿಮಿಷ ಮೀರದಂತೆ, ಗಾಯದಿಂದ ಈಗಷ್ಟೇ ಮರಳಿದವರಿಗೆ 10 ನಿಮಿಷ ಮೀರದಂತೆ ಹಾಳೆ ಬರೆದಿಡಿ. ಆ ಹಾಳೆ ಕೋಚ್ ಕೈಯಲ್ಲಿರಬಾರದು. ಸ್ಕೋರು ನೋಡದ ಒಬ್ಬರ ಕೈಯಲ್ಲಿರಬೇಕು, ಬದಲಾವಣೆಗೆ ಕೈ ಎತ್ತುವ ಅಧಿಕಾರವೂ ಅವರದ್ದೇ ಆಗಬೇಕು. ಫಿಟ್‌ನೆಸ್ ಕೋಚ್ ಇದಕ್ಕೆ ತಕ್ಕವರು.

ಆಯ್ಕೆಯಲ್ಲಿ ಹನ್ನೆರಡು ಫಾರ್ವರ್ಡ್ (ಸ್ಕ್ರಮ್‌ಗೆ ಇಳಿಯುವವರು), ಹನ್ನೆರಡು ಬ್ಯಾಕ್ (ಅದರ ಹಿಂದೆ ನಿಲ್ಲುವವರು). ಫಾರ್ವರ್ಡ್‌ಗಳಲ್ಲಿ ಆರು ಮಂದಿಯಾದರೂ ಸ್ಕ್ರಮ್‌ನ ಮುಂದಿನ ಸಾಲಿನಲ್ಲಿ ಪಳಗಿದವರಾಗಿರಲಿ: ನಾಲ್ವರು ಪ್ರಾಪ್ (ಸಾಲಿನ ಎರಡು ತುದಿಗೆ), ಇಬ್ಬರು ಹೂಕರ್ (ನಡುವಿಗೆ). ಇಲ್ಲಿ ಕೈ ಬಿಗಿಹಿಡಿದರೆ ಎರಡನೇ ದಿನ ಮಧ್ಯಾಹ್ನ ತಳ್ಳಾಟವಿಲ್ಲದ ಸ್ಕ್ರಮ್ ಆಡಬೇಕಾಗುತ್ತದೆ, ಪ್ರಾಪ್‌ಗಳನ್ನು ಕರೆತಂದದ್ದೇ ವ್ಯರ್ಥ. ಹಿಂದಿನ ಸಾಲಿಗೆ, ಕಡೆಗೆ ಹದಿನೈದು ಜನರ ಆಟದ ಸ್ಕ್ರಮ್‌ನಲ್ಲಿ ಎರಡನೇ ಸಾಲಿನಲ್ಲಿರುವ ಎತ್ತರದ ಲಾಕ್‌ಗಳಿಗಿಂತ ಅದರ ಬದಿಯ ಫ್ಲ್ಯಾಂಕರ್, ಹಿಂಬದಿಯ ನಂಬರ್ ಎಯ್ಟ್ ಆಟಗಾರರು ಒಪ್ಪುತ್ತಾರೆ. ಸ್ಕ್ರಮ್ ಬಿಟ್ಟ ಕ್ಷಣದಿಂದ ಅವರು ಓಡಬೇಕು. ಸ್ಕ್ರಮ್ ಹಾಫ್ (ಚೆಂಡೆತ್ತಿ ಬ್ಯಾಕ್‌ಗಳಿಗೆ ಪಾಸ್ ಕೊಡುವವನು) ಮಾತ್ರ ಮೂವರಿರಲಿ. ಪ್ರತಿ ರಕ್‌ಗೂ (ನೆಲದ ಮೇಲಿನ ಚೆಂಡಿಗಾಗಿ ಎರಡೂ ಕಡೆಯವರು ನಿಂತು ತಳ್ಳಾಡುವ ಗುಂಪು) ಓಡಿ ಬರುವವನು ಅವನೊಬ್ಬನೇ, ಬೇಗ ಸೋಲುವ ಕಾಲೂ ಅವನದ್ದೇ.

ಇಲ್ಲಿನ ಆಯಾಸದ ಬಗೆಯೇ ಬೇರೆ. 70 ಮೀಟರ್ ಅಗಲದ ಮೈದಾನದಲ್ಲಿ ಒಬ್ಬನನ್ನು ಹಿಂದೆ ಬಿಟ್ಟು ಒಂಬತ್ತು ಜನ ಸಾಲು ಕಟ್ಟಿದರೆ ಒಬ್ಬೊಬ್ಬನ ಪಾಲಿಗೆ ಸುಮಾರು ಎಂಟು ಮೀಟರ್ ಬರುತ್ತದೆ. ಹದಿನೈದರ ಆಟದಲ್ಲಿ ಮೂವರು ಹಿಂದಿದ್ದರೂ ಆರು ಮೀಟರ್ ದಾಟುವುದಿಲ್ಲ. ಆ ಎರಡು ಮೀಟರ್ ಪಕ್ಕಕ್ಕೆ ಓಡಿ ಹಿಡಿಯುವಾಗ ದಣಿದ ಆಟಗಾರ ಸೊಂಟ ಬಗ್ಗಿಸುವುದಿಲ್ಲ. ನೆಟ್ಟಗೆ ನಿಂತು ಟ್ಯಾಕಲ್ ಮಾಡುತ್ತಾನೆ, ತಲೆಗೆ ತಲೆ ತಾಗುತ್ತದೆ, ಕಾರ್ಡ್ ಬೀಳುತ್ತದೆ, ಇಬ್ಬರಿಗೂ ಪೆಟ್ಟಾಗುತ್ತದೆ. ಆದ್ದರಿಂದ ತಗ್ಗಿ ಟ್ಯಾಕಲ್ ಮಾಡುವ ಅಭ್ಯಾಸವನ್ನು ತರಬೇತಿಯ ಆರಂಭದಲ್ಲಷ್ಟೇ ಇಟ್ಟು ಸಾಲದು. ಕೊನೆಯ ಹತ್ತು ನಿಮಿಷ, ಉಸಿರು ಮೇಲೇರಿರುವಾಗ ಮಾಡಿಸಿ. ರಕ್‌ಗೆ ಇಬ್ಬರಿಗಿಂತ ಹೆಚ್ಚು ಹೋಗಬಾರದೆಂಬುದೂ ಆಗಲೇ ಮೈಗೂಡಲಿ. ಮೂರನೆಯವನು ನುಗ್ಗಿದರೆ ಅವನು ಬಿಟ್ಟುಬಂದ ಎಂಟು ಮೀಟರ್ ಎದುರಾಳಿಯದ್ದು.

ತಯಾರಿ ನಾಲ್ಕು ವಾರ ಮೊದಲೇ ಶುರುವಾಗಲಿ. ವಾರಕ್ಕೆ ಎರಡು ಸಲ ಪ್ರತಿಯೊಬ್ಬನೂ ತನ್ನ ಗರಿಷ್ಠ ವೇಗದ ಶೇ 90 ಮುಟ್ಟುವಂತೆ 30–40 ಮೀಟರ್ ಓಟಗಳನ್ನು ಓಡಿಸಿ. ದೂರದ ನಿಧಾನ ಓಟದಲ್ಲಷ್ಟೇ ಕಾಲ ಕಳೆದ ತಂಡಗಳಲ್ಲಿ ಟೂರ್ನಿಯ ಮೊದಲ ದಿನವೇ ಹ್ಯಾಮ್‌ಸ್ಟ್ರಿಂಗ್ (ತೊಡೆಯ ಹಿಂಭಾಗದ ಸ್ನಾಯು) ಹರಿಯುತ್ತದೆ. ಆ ಸ್ನಾಯು ಅಂಥ ವೇಗವನ್ನು ಕಂಡೇ ಇರುವುದಿಲ್ಲ. ಕಾಂಟ್ಯಾಕ್ಟ್ (ಮೈಗೆ ಮೈ ತಾಗಿಸುವ) ತರಬೇತಿಗೆ ಆಟದ ಜಾಗತಿಕ ಆಡಳಿತ ಸಂಸ್ಥೆ ವರ್ಲ್ಡ್ ರಗ್ಬಿಯ 2021ರ ಮಾರ್ಗಸೂಚಿಯನ್ನು ಮಿತಿಯಾಗಿ ಇಟ್ಟುಕೊಳ್ಳಿ: ವಾರಕ್ಕೆ ಪೂರ್ಣ ಕಾಂಟ್ಯಾಕ್ಟ್ 15 ನಿಮಿಷ, ನಿಯಂತ್ರಿತ ಕಾಂಟ್ಯಾಕ್ಟ್ 40 ನಿಮಿಷ, ಸೆಟ್ ಪೀಸ್ (ಸ್ಕ್ರಮ್‌ನಂತೆ ಆಟವನ್ನು ಮತ್ತೆ ಶುರುಮಾಡುವ ಕಟ್ಟುಗಳು) 30 ನಿಮಿಷ. ಅದು ಲೀಗ್ ನಡೆಯುವ ವಾರಗಳನ್ನು ಮನಸ್ಸಿನಲ್ಲಿಟ್ಟು ಬರೆದದ್ದಾದರೂ ಇಲ್ಲಿಗೂ ಸಾಕು. ಟೂರ್ನಿಗೆ 72 ಗಂಟೆ ಇರುವಾಗ ಕೊನೆಯ ಕಠಿಣ ತರಬೇತಿ ಮುಗಿದಿರಲಿ.

ಪಂದ್ಯದ ದಿನ ಮೊದಲ ವಾರ್ಮ್‌ಅಪ್ 25 ನಿಮಿಷ, ಮುಂದಿನವು 12–15 ನಿಮಿಷ. ಪ್ರತಿ ಸಲವೂ ಪೂರ್ತಿ ವಾರ್ಮ್‌ಅಪ್ ಮಾಡಿಸಿದರೆ ಅದೇ ಇನ್ನೊಂದು ಪಂದ್ಯದಷ್ಟು ದಣಿಸುತ್ತದೆ. ಆಟ ಮುಗಿದು ಅರ್ಧ ಗಂಟೆಯೊಳಗೆ ದೇಹತೂಕದ ಕಿಲೋಗೆ ಒಂದು ಗ್ರಾಂನಂತೆ ಕಾರ್ಬೋಹೈಡ್ರೇಟ್ ಹೊಟ್ಟೆ ಸೇರಬೇಕು, 100 ಕಿಲೋದವನಿಗೆ 100 ಗ್ರಾಂ. ಜಿಡ್ಡು, ನಾರು ಕಡಿಮೆ ಇರಲಿ. ಇಲ್ಲದಿದ್ದರೆ ಮುಂದಿನ ಪಂದ್ಯದಲ್ಲಿ ಹೊಟ್ಟೆ ತೊಳಸುತ್ತದೆ. ಪಂದ್ಯದ ಮೊದಲು, ನಂತರ ತೂಕ ನೋಡಿ. ಇಳಿದ ಪ್ರತಿ ಕಿಲೋಗೆ ಒಂದೂವರೆ ಲೀಟರ್, ಉಪ್ಪಿನಂಶದ ಜೊತೆ, ಬಿಡುವಿನುದ್ದಕ್ಕೂ ಗುಟುಕು ಗುಟುಕಾಗಿ. ಬಿಸಿಲಿನ ದಿನವಾದರೆ ಮಂಜುನೀರಿನ ತೊಟ್ಟಿ ಮೈದಾನದ ಪಕ್ಕದಲ್ಲೇ ಇರಬೇಕು: ಶಾಖಾಘಾತವಾದವನನ್ನು ಮೊದಲು ತಣಿಸಿ, ಆಮೇಲೆ ಆಸ್ಪತ್ರೆಗೆ ಕರೆದೊಯ್ಯಬೇಕು.

ತಲೆಗೆ ಪೆಟ್ಟಾದಾಗ ಮೈದಾನದ ಹೊರಗೆ ಮಾಡುವ ಎಚ್‌ಐಎ (ಹೆಡ್ ಇಂಜುರಿ ಅಸೆಸ್‌ಮೆಂಟ್) ಪರೀಕ್ಷೆಗೆ 12 ನಿಮಿಷ ಮೀಸಲು. ಟೆನ್ಸ್‌ನ ಒಂದು ಅವಧಿಯೇ ಹತ್ತು ನಿಮಿಷ. ಹೀಗಾಗಿ ಪರೀಕ್ಷೆಗೆ ಹೋದವನನ್ನು ಆ ಪಂದ್ಯದ ಮಟ್ಟಿಗೆ ಲೆಕ್ಕದಿಂದ ತೆಗೆದುಬಿಡಿ. ವೈದ್ಯರ ಬಳಿ "ಇನ್ನೆಷ್ಟು ಹೊತ್ತು?" ಎಂದು ಕೇಳಲು ಯಾರನ್ನೂ ಕಳಿಸಬೇಡಿ. ಮಿದುಳಿಗೆ ಪೆಟ್ಟಾಗಿದೆ ಎಂದು ಖಚಿತವಾದರೆ ಅವನ ಪಾಲಿಗೆ ಟೂರ್ನಿ ಮುಗಿಯಿತು, ಮರುದಿನ ಫೈನಲ್ ಇದ್ದರೂ ಸರಿ.

2017ರಲ್ಲಿ ಬ್ರಿಸ್ಬೇನಿನ ಸನ್‌ಕಾರ್ಪ್ ಕ್ರೀಡಾಂಗಣದಲ್ಲಿ ಸೂಪರ್ ರಗ್ಬಿ ಎಂಬ ವೃತ್ತಿಪರ ಲೀಗಿನ ತಂಡಗಳು ಆಡಿದ ಟೆನ್ಸ್ ಟೂರ್ನಿ ಮುಗಿದದ್ದು ಫೆಬ್ರವರಿ 12ಕ್ಕೆ, ಲೀಗ್ ಶುರುವಾದದ್ದು 23ಕ್ಕೆ. ಇಷ್ಟೇ ಅಂತರ ಸಿಕ್ಕರೆ ಮೊದಲ ಮೂರು ದಿನ ಕಾಂಟ್ಯಾಕ್ಟ್ ಬೇಡ. ಎರಡನೇ ದಿನ ನೀರಿನಲ್ಲಿ ಅಥವಾ ಸೈಕಲ್ ಮೇಲೆ ಹಗುರ ವ್ಯಾಯಾಮ. ನಾಲ್ಕನೇ ದಿನದಿಂದ ಹದಿನೈದರ ಆಟದ ಲೈನ್‌ಔಟ್ (ಹೊರಹೋದ ಚೆಂಡನ್ನು ಎರಡು ಸಾಲಿನ ನಡುವೆ ಎಸೆಯುವುದು), ಮಾಲ್ (ಚೆಂಡು ಹಿಡಿದು ನಿಂತವನ ಸುತ್ತ ತಳ್ಳಾಡುವ ಗುಂಪು), ಎಂಟು ಜನರ ಸ್ಕ್ರಮ್: ಟೆನ್ಸ್ ಕಲಿಸದೇ ಬಿಟ್ಟದ್ದೆಲ್ಲ ಇವೇ. ವಿಡಿಯೋ ನೋಡುವಾಗ ಬಯಲಲ್ಲಿ ತಪ್ಪಿಸಿಕೊಂಡ ವಿಂಗರ್‌ನ ಹಿಂದೆ ಬಿದ್ದು ಸೋತ ಪ್ರಾಪ್‌ನನ್ನು ದೂರಬೇಡಿ. ಲೀಗಿನಲ್ಲಿ ಅವನಿಗೆ ಆ ಕೆಲಸ ಅಪರೂಪ. ಅವನು ಬಿದ್ದಲ್ಲಿಂದ ಎದ್ದು ಮತ್ತೆ ಸಾಲಿಗೆ ಬರಲು ಎಷ್ಟು ಸೆಕೆಂಡ್ ತೆಗೆದುಕೊಂಡ, ಮೊದಲ ಪಂದ್ಯದಲ್ಲೆಷ್ಟು, ಐದನೆಯದರಲ್ಲೆಷ್ಟು ಎಂದು ಎಣಿಸಿ ಬರೆದುಕೊಳ್ಳಿ.