ಮಲ್ಪೆಯ ಬೋಟಿನಲ್ಲಿ ಟಿಆರ್‌ಎಲ್ ಲೆಕ್ಕ

ಸರ್ಕಾರದ ಯಾವುದೇ ಇನ್ನೋವೇಷನ್ ಅನುದಾನದ ಅರ್ಜಿ ತೆರೆಯಿರಿ, ಒಂದು ಪ್ರಶ್ನೆ ಸಾಮಾನ್ಯವಾಗಿ ಇದ್ದೇ ಇರುತ್ತದೆ. ನಿಮ್ಮ ತಂತ್ರಜ್ಞಾನ ಈಗ ಯಾವ ಟಿಆರ್‌ಎಲ್‌ನಲ್ಲಿ ಉಂಟು, ಯೋಜನೆ ಮುಗಿಯುವಾಗ ಎಲ್ಲಿಗೆ ಬರುತ್ತದೆ? ಟಿಆರ್‌ಎಲ್ ಅಂದರೆ ಟೆಕ್ನಾಲಜಿ ರೆಡಿನೆಸ್ ಲೆವೆಲ್, ತಂತ್ರಜ್ಞಾನ ಬಳಕೆಗೆ ಎಷ್ಟು ಸಿದ್ಧವಾಗಿದೆ ಅಂತ ಒಂದರಿಂದ ಒಂಬತ್ತರವರೆಗೆ ಹೇಳುವ ಅಂಕಿ. ಬಹಳ ಜನ ಅಲ್ಲಿ ಸುಮ್ನೆ ಒಂದು ಅಂಕಿ ಬರೆದು ಮುಂದಿನ ಪುಟಕ್ಕೆ ಹೋಗುತ್ತಾರೆ. ನಾವು ಅದೊಂದು ಪ್ರಶ್ನೆಗೇ ಜಾಸ್ತಿ ಸಮಯ ಕೊಟ್ಟೆವು. ಬಜೆಟ್, ಕೆಲಸದ ಹಂತಗಳು ಎಲ್ಲ ಅದರಿಂದಲೇ ಹೊರಟವು.

ಮೊದಲು ನಮ್ಮ ಸಾಮಾನು ಎಂಥದು ಅಂತ ಹೇಳುತ್ತೇನೆ. ಮಲ್ಪೆಯಿಂದ ಆಳಸಮುದ್ರಕ್ಕೆ ಹೋಗುವ ಬೋಟುಗಳು ವಾರಕ್ಕೂ ಮೀರಿ ನೀರಿನಲ್ಲೇ ಇರುತ್ತವೆ. ಹಿಡಿದ ಮೀನನ್ನು ಐಸ್ ಹಾಕಿ ಕೆಳಗಿನ ಕೋಣೆಯಲ್ಲಿ ತುಂಬುತ್ತಾರೆ. ಮೇಲೆ ಐಸ್ ಕಾಣುತ್ತಿದ್ದರೂ ನಡುವೆ ಎಲ್ಲೋ ಕರಗಿ ಹೋಗಿರಬಹುದು, ಮೇಲಿನಿಂದ ಗೊತ್ತಾಗುವುದಿಲ್ಲ. ಬಂಗುಡೆಯಂಥ ಮೀನು 4 ಡಿಗ್ರಿಗಿಂತ ಮೇಲೆ ಜಾಸ್ತಿ ಹೊತ್ತು ಇದ್ದರೆ ಅದರಲ್ಲಿ ಹಿಸ್ಟಮಿನ್ ಅನ್ನುವ, ತಿಂದವರಿಗೆ ಅಲರ್ಜಿಯಂಥ ತೊಂದರೆ ಕೊಡುವ ರಾಸಾಯನಿಕ ಹೆಚ್ಚುತ್ತಾ ಹೋಗುತ್ತದೆ. ಒಮ್ಮೆ ಹೆಚ್ಚಿದ ಮೇಲೆ ಬೇಯಿಸಿದರೂ ಅದು ಹೋಗುವುದಿಲ್ಲ. ನಾವು ಮಾಡಿದ್ದು, ಆ ಕೋಣೆಯೊಳಗೆ ಬೇರೆ ಬೇರೆ ಆಳದಲ್ಲಿ ಎಷ್ಟು ತಂಪು ಇದೆ ಅಂತ ತಾಂಡೇಲರ (ಬೋಟು ನಡೆಸುವ ಮುಖ್ಯಸ್ಥರ) ಕ್ಯಾಬಿನ್‌ನಲ್ಲಿ ತೋರಿಸಿ, ದಾಖಲೆಯನ್ನೂ ಇಡುವ ಪೆಟ್ಟಿಗೆ.

ಟಿಆರ್‌ಎಲ್ ಹುಟ್ಟಿದ್ದು ನಾಸಾದಲ್ಲಿ, 1974ರಲ್ಲಿ. ಆಗ ಏಳೇ ಹಂತ ಇದ್ದವು, ಆಮೇಲೆ ಒಂಬತ್ತಾದವು. ಮೂರರಲ್ಲಿ ಐಡಿಯಾ ಕೆಲಸ ಮಾಡುತ್ತದೆ ಅಂತ ಪ್ರಯೋಗದಿಂದ ತೋರಿಸಿರಬೇಕು. ನಾಲ್ಕು ಅಂದರೆ ಲ್ಯಾಬಿನಲ್ಲಿ ಬಿಡಿಭಾಗಗಳೆಲ್ಲ ಸೇರಿ ಓಡಿವೆ. ಐದು ಮತ್ತು ಆರು, ನಿಜವಾದ ಬಳಕೆಯನ್ನು ಹೋಲುವ ವಾತಾವರಣದಲ್ಲಿ. ಏಳು, ನಿಜವಾದ ಬಳಕೆಯ ಜಾಗದಲ್ಲೇ. ಒಂಬತ್ತಕ್ಕೆ ಬರುವಾಗ ಅದು ದಿನನಿತ್ಯ ಬಳಸಿ ಸಾಬೀತಾದ ವಸ್ತು ಆಗಿರಬೇಕು. ಇಷ್ಟು ಎಲ್ಲರಿಗೂ ಗೊತ್ತು. ಜಗಳ ಹತ್ತುವುದು ನಾಲ್ಕರಿಂದ ಏಳರ ನಡುವೆ.

ನಮ್ಮಲ್ಲೂ ಹತ್ತಿತು. ನನ್ನ ಪಾರ್ಟ್ನರ್ ಹೇಳಿದ್ದು, "ಬೋಟಿಗೇ ಹಾಕಿ ಆಯ್ತಲ್ವಾ, ಏಳು ಅಂತ ಬರೆಯುವ." ನಾನು ಒಪ್ಪಲಿಲ್ಲ. ಆ ಸಲ ಬೋಟು ದಕ್ಕೆಯಲ್ಲಿ, ಅಂದರೆ ಬೋಟು ನಿಲ್ಲುವ ಕಟ್ಟೆಯಲ್ಲಿ, ಕಟ್ಟಿಯೇ ಇತ್ತು. ಎಂಜಿನ್ ಓಡುತ್ತಿರಲಿಲ್ಲ, ಅಲೆ ಇರಲಿಲ್ಲ, ಐಸ್ ಅರ್ಧ ಮಾತ್ರ ತುಂಬಿತ್ತು. ಬೋಟಿನ ಒಳಗೆ ಇಟ್ಟ ಮಾತ್ರಕ್ಕೆ ಅದು ಸಮುದ್ರ ಆಗುವುದಿಲ್ಲ. ಅದು ಐದು, ಹೆಚ್ಚೆಂದರೆ ಐದು.

ಅಲ್ಲಿಂದ ನಾವು ಇಡೀ ಪೆಟ್ಟಿಗೆಗೆ ಒಂದೇ ಅಂಕಿ ಕೊಡುವುದು ಬಿಟ್ಟೆವು. ಒಂದು ಉದ್ದ ಪುಸ್ತಕದಲ್ಲಿ ಭಾಗ ಭಾಗವಾಗಿ ಬರೆದೆವು. ಪ್ರತಿ ಭಾಗದ ಎದುರು ಮೂರು ಕಲಂ: ಎಲ್ಲಿ ಪರೀಕ್ಷೆ ಆಯಿತು, ಏನು ಅಳತೆ ಬಂತು, ಅದಕ್ಕೆ ಕಾಗದ ಎಲ್ಲಿದೆ. ಮೂರನೆಯ ಕಲಂ ಖಾಲಿ ಇದ್ದರೆ ಆ ಹಂತ ಮುಟ್ಟಿಲ್ಲ ಅಂತಲೇ ಲೆಕ್ಕ. ಉದಾಹರಣೆಗೆ ಉಷ್ಣತೆ ಅಳೆಯುವ ಸೆನ್ಸರ್. ನಾವು ಬಳಸಿದ್ದು ಡಿಎಸ್18ಬಿ20, ಅಂಗಡಿಯಲ್ಲಿ ಸಿಗುವಂಥದು. ಮೈನಸ್ 10ರಿಂದ 85 ಡಿಗ್ರಿವರೆಗೆ ಅರ್ಧ ಡಿಗ್ರಿ ಆಚೀಚೆ ಅಂತ ಕಂಪನಿಯೇ ಹೇಳುತ್ತದೆ. ಕರಗುವ ಐಸಿನ ನೀರಿನಲ್ಲಿ ಮುಳುಗಿಸಿ ಸೊನ್ನೆ ತೋರಿಸುತ್ತದಾ ಅಂತ ನೋಡಿದೆವು. ಎನ್‌ಎಬಿಎಲ್ (ಲ್ಯಾಬುಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇರುವ ಲ್ಯಾಬಿನಲ್ಲಿ ಕ್ಯಾಲಿಬ್ರೇಷನ್, ಅಂದರೆ ಅಳತೆ ಸರಿಯಿದೆಯಾ ಅಂತ ತಾಳೆ ನೋಡುವುದು, ಮಾಡಿಸಿ ಸರ್ಟಿಫಿಕೇಟ್ ತಂದೆವು. ಅದು ಗಟ್ಟಿ.

ಆದರೆ ಸೆನ್ಸರ್ ಎಷ್ಟೇ ಗಟ್ಟಿ ಇದ್ದರೂ ವಯರ್ ಒಳಗೆ ಹೋಗುವ ಜಾಗ ಮೆತ್ತಗೆ ಇದ್ದರೆ ಏನು ಪ್ರಯೋಜನ? ಮೊದಲ ಪೆಟ್ಟಿಗೆಯ ಹಿತ್ತಾಳೆ ಸ್ಕ್ರೂಗಳ ಸುತ್ತ ಹಸಿರು ಕಿಲುಬು ಕಟ್ಟಿತ್ತು. ಬಿಚ್ಚಿ ನೋಡಿದರೆ ಬೋರ್ಡಿನ ಒಂದು ಮೂಲೆಯಲ್ಲಿ ಉಪ್ಪಿನ ಬಿಳಿ ಪುಡಿ. ಆ ಜಾಯಿಂಟಿಗೆ ನಾವು ಕೊಟ್ಟ ಅಂಕಿ ನಾಲ್ಕು. ಹಾಗಾಗಿ ಇಡೀ ಪೆಟ್ಟಿಗೆಯೂ ನಾಲ್ಕು. ಎಲ್ಲಕ್ಕಿಂತ ಕೆಳಗೆ ಇರುವ ಭಾಗ ಎಷ್ಟೋ, ಇಡೀ ವ್ಯವಸ್ಥೆಯೂ ಅಷ್ಟೇ. ಸರಾಸರಿ ತೆಗೆಯುವವರನ್ನೂ ನೋಡಿದ್ದೇನೆ, ಅದು ಕಣ್ಣಿಗೆ ಮಣ್ಣೆರಚುವ ಕೆಲಸ.

ಇನ್ನೊಂದು ಮಾತು, ಇದನ್ನು ಕಡಿಮೆ ಜನ ಗಮನಿಸುತ್ತಾರೆ. ಕೋಲ್ಡ್ ಸ್ಟೋರೇಜಿನಲ್ಲಿ ವರ್ಷಗಟ್ಟಲೆ ಓಡಿದ ಸಾಮಾನು ಅಲ್ಲಿ ಒಂಬತ್ತೇ. ಅದನ್ನೇ ಬೋಟಿಗೆ ತಂದರೆ ಒಂಬತ್ತು ಅಲ್ಲ. ಬಳಸುವ ಜಾಗ ಮತ್ತು ಜೋಡಣೆ ಬದಲಾದರೆ ಹಂತ ಐದಕ್ಕೆ ಇಳಿಯುತ್ತದೆ, ಅಲ್ಲಿಂದ ಮತ್ತೆ ಹತ್ತಬೇಕು ಅಂತ ನಾಸಾದ ಕೈಪಿಡಿಯಲ್ಲೇ ಇದೆ. ಉಷ್ಣತೆ ತಿಳಿಸುವ ವಯರ್‌ಲೆಸ್ ಮಾಡ್ಯೂಲನ್ನು ನಾವು ಬಿಟ್ಟದ್ದು ಇದಕ್ಕೇ. ಒದ್ದೆ ಐಸ್ ಮತ್ತು ಉಪ್ಪುನೀರು 2.4 ಗಿಗಾಹರ್ಟ್ಸ್ ಸಿಗ್ನಲನ್ನು ಹೀರಿಕೊಳ್ಳುತ್ತವೆ. ಗೋದಾಮಿನಲ್ಲಿ ಚಂದ ಓಡಿದ್ದು ಮೀನಿನ ರಾಶಿ ಒಳಗೆ ಸುದ್ದಿಯೇ ಇಲ್ಲ. ವಯರ್ ಎಳೆದೆವು.

ಆಮೇಲೆ ಜಾಯಿಂಟು ಬದಲಾಯಿಸಿ, ಬೋರ್ಡಿಗೆ ಕೋಟಿಂಗ್ ಹಾಕಿ, ಉಪ್ಪಿನ ಮಂಜಿನ ಪರೀಕ್ಷೆ ಮಾಡಿಸಿದೆವು. 35 ಡಿಗ್ರಿಯಲ್ಲಿ ಐದು ಶೇಕಡಾ ಉಪ್ಪುನೀರನ್ನು ಗಂಟೆಗಟ್ಟಲೆ ಸಿಂಪಡಿಸುತ್ತಾರೆ. ನೀರಿನ ಪರೀಕ್ಷೆ ಐಪಿ67, ಅಂದರೆ ಒಂದು ಮೀಟರ್ ಆಳದಲ್ಲಿ 30 ನಿಮಿಷ. ಈ ಎರಡು ವರದಿ ಬಂದ ಮೇಲೇ ಐದು ಅಂತ ಧೈರ್ಯವಾಗಿ ಬರೆದದ್ದು.

ಬೋಟಿನ ಪರೀಕ್ಷೆಗೆ ತಾಂಡೇಲರನ್ನು ಒಪ್ಪಿಸುವುದೇ ಒಂದು ಕತೆ. ನಾನು "ಅಣ್ಣ, ಒಂದು ಟ್ರಿಪ್ಪಿಗೆ ಇಟ್ಟುಕೊಳ್ಳಿ" ಅಂದೆ. ಅವರು ಪೆಟ್ಟಿಗೆ ತಿರುಗಿಸಿ ನೋಡಿ, "ಇದು ಅಲಾರಂ ಹೊಡೆದರೆ ನಾನು ಎಂತ ಮಾಡಬೇಕು ಮಾರಾಯ್ರೆ? ನಡು ಸಮುದ್ರದಲ್ಲಿ ಐಸ್ ಫ್ಯಾಕ್ಟರಿ ಉಂಟಾ?" ಅಂತ ಕೇಳಿದರು. ನ್ಯಾಯವಾದ ಪ್ರಶ್ನೆ. ಯಾವ ಭಾಗದಲ್ಲಿ ಐಸ್ ಇಳಿದಿದೆ ಅಂತ ತೋರಿಸಿದರೆ ಅಲ್ಲಿಗೆ ಸರಿಸಿ ಹಾಕಬಹುದು, ಆ ಕಡೆಯ ಮೀನನ್ನು ದಕ್ಕೆಯಲ್ಲಿ ಮೊದಲು ಇಳಿಸಬಹುದು ಅಂತ ಇಬ್ಬರೂ ಕೂತು ಮಾತಾಡಿ ತೀರ್ಮಾನಿಸಿದೆವು. ಪರದೆಯ ಚಿತ್ರ ಅದರ ಪ್ರಕಾರವೇ ಬದಲಾಯಿತು. ಬಳಸುವವರ ಕೆಲಸಕ್ಕೆ ಹೊಂದದ ಸಾಮಾನು ಎಷ್ಟು ಒಳ್ಳೆ ಅಳತೆ ಕೊಟ್ಟರೂ ಏಳಕ್ಕೆ ಏರುವುದಿಲ್ಲ ಅನ್ನುವುದು ನನ್ನ ಅಭಿಪ್ರಾಯ.

ಇನ್ನು ಯೋಜನೆ ಆರಿಸುವುದು. ಅಂಕಿ ಜಾಸ್ತಿ ಇದ್ದರೆ ಹಣ ಸಿಗುತ್ತದೆ ಅಂತ ತಿಳಿದವರು ಬಹಳ. ಹಾಗಲ್ಲ. ಪ್ರತಿ ಯೋಜನೆಯೂ ಒಂದು ಹಂತದಿಂದ ಇನ್ನೊಂದು ಹಂತಕ್ಕೆ ಏರುವ ಅಂತರಕ್ಕೆ ಹಣ ಕೊಡುತ್ತದೆ. ಕೇಂದ್ರದ ನಿಧಿ ಪ್ರಯಾಸ್ 10 ಲಕ್ಷದವರೆಗೆ, ಐಡಿಯಾದಿಂದ ಮಾದರಿ (ಪ್ರೋಟೋಟೈಪ್) ಮಾಡುವವರಿಗೆ. ಸ್ಟಾರ್ಟಪ್ ಇಂಡಿಯಾ ಸೀಡ್ ಫಂಡ್ ಮಾದರಿ ಮತ್ತು ಪರೀಕ್ಷೆಗೆ 20 ಲಕ್ಷದವರೆಗೆ ಅನುದಾನ ಕೊಡುತ್ತದೆ. ಆದರೆ ಕಂಪನಿ ಶುರುವಾಗಿ ಎರಡು ವರ್ಷ ದಾಟಿರಬಾರದು, ಬೇರೆ ಸರ್ಕಾರಿ ಯೋಜನೆಗಳಿಂದ 10 ಲಕ್ಷಕ್ಕಿಂತ ಜಾಸ್ತಿ ಪಡೆದಿರಬಾರದು. ರಾಜ್ಯದ ಎಲಿವೇಟ್‌ನಲ್ಲಿ 50 ಲಕ್ಷದವರೆಗೆ ಉಂಟು. ಬಯೋಟೆಕ್ ಉದ್ಯಮಕ್ಕೆ ನೆರವಾಗುವ ಕೇಂದ್ರದ ಸಂಸ್ಥೆ ಬಿರಾಕ್‌ನ ಬಿಗ್ ಅನುದಾನ ಕೂಡ 50 ಲಕ್ಷ, 18 ತಿಂಗಳು, ಆದರೆ ಅದು ಬಯೋಟೆಕ್‌ಗೆ, ಟಿಆರ್‌ಎಲ್ ವಿವರಣೆಯೂ ಅವರದೇ ಬೇರೆ. ಏಳು ಅಂತ ಬರೆದು ಮಾದರಿಗೆ ಹಣ ಕೇಳಿದರೆ, "ಎಲ್ಲ ಆಗಿದೆಯಲ್ಲ, ಇನ್ನು ಯಾಕೆ?" ಅಂತ ಕೇಳುವುದು ಸಹಜ. ಪ್ರಯಾಸ್ ಮತ್ತು ಸೀಡ್ ಫಂಡ್ ಹಣ ಇನ್ಕ್ಯುಬೇಟರ್ (ಹೊಸ ಕಂಪನಿಗಳಿಗೆ ಜಾಗ, ಮಾರ್ಗದರ್ಶನ ಕೊಡುವ ಕೇಂದ್ರ) ಮೂಲಕವೇ ಬರುವುದು. ನಮ್ಮ ಕಡೆ ನಿಟ್ಟೆ, ಮಣಿಪಾಲ, ಸುರತ್ಕಲ್ ಎನ್‌ಐಟಿಕೆ ಹತ್ತಿರದಲ್ಲೇ ಇವೆ, ಯಾರ ಹತ್ತಿರ ಯಾವ ಯೋಜನೆ ಉಂಟು ಅಂತ ಮೊದಲು ವಿಚಾರಿಸಿ.

ನಾವು ಈಗ ಐದು, ಮುಗಿಯುವಾಗ ಏಳು ಅಂತ ಬರೆದೆವು. ಕಂತುಗಳನ್ನು ಸಮುದ್ರದ ಕ್ಯಾಲೆಂಡರಿಗೆ ಹೊಂದಿಸಿದೆವು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ನಿಷೇಧ. ಆಗ ಬೋಟು ಖಾಲಿ, ವಯರ್ ಎಳೆಯಲು ಒಳ್ಳೆ ಸಮಯ. ಸಮುದ್ರದ ಪರೀಕ್ಷೆ ಆಗಸ್ಟ್ ಶುರುವಾದ ಮೇಲೆ. ತಜ್ಞರ ಸಮಿತಿ ಮೊದಲು ಬೆರಳಿಟ್ಟದ್ದು ಇಲ್ಲೇ: "ಎರಡು ತಿಂಗಳು ಪರೀಕ್ಷೆ ಯಾಕೆ ಇಲ್ಲ?" ಉತ್ತರ ಅರ್ಜಿಯಲ್ಲೇ ಇತ್ತು. ಅದಾದ ಮೇಲೆ ಅವರು ಕೇಳಿದ್ದು ಪುಸ್ತಕದ ಮೂರನೆಯ ಕಲಂ ಬಗ್ಗೆ, ಒಂದೊಂದು ವರದಿಯ ದಿನಾಂಕ ಸಮೇತ. ಬೋಟಿನ ಮಾಲೀಕರ ಪತ್ರದಲ್ಲಿ ಬೋಟಿನ ನೋಂದಣಿ ಸಂಖ್ಯೆ, ಟ್ರಿಪ್ಪಿನ ದಿನಾಂಕ, ಪೆಟ್ಟಿಗೆಯ ನಂಬರ್ ಮೂರೂ ಹಾಕಿಸಿಕೊಳ್ಳಿ. "ಚೆನ್ನಾಗಿ ಕೆಲಸ ಮಾಡಿತು" ಅಂತ ಮಾತ್ರ ಬರೆದ ಪತ್ರ ಅಲ್ಲಿ ನಡೆಯುವುದಿಲ್ಲ.