ಮಳೆಗಾಲದ ಆನ್‌ಲೈನ್ ಪರೀಕ್ಷೆ ನಾನು ನಡೆಸುವ ಬಗೆ

ಕೊಡಗಿನಲ್ಲಿ ಮಳೆ ಜೋರಾಗಿ ಶಾಲೆಗೆ ರಜೆ ಕೊಟ್ಟ ದಿನಗಳಲ್ಲಿ ಒಂಬತ್ತು, ಹತ್ತನೇ ತರಗತಿಯವರಿಗೆ ಫೋನಿನಲ್ಲೇ ಕಿರುಪರೀಕ್ಷೆ ಕೊಡುತ್ತೇನೆ. ಚೆನ್ನಾಗಿ ಓದಿದ ಮಕ್ಕಳಿಗೂ ಇಲ್ಲಿ ಅಂಕ ಕಡಿಮೆಯಾಗುವುದುಂಟು. ನೆಟ್‌ವರ್ಕ್, ಫೋನ್, ಕೂತು ಬರೆಯುವ ಜಾಗ, ಈ ಮೂರನ್ನು ಸರಿಮಾಡದೆ ಬಂದ ಅಂಕವನ್ನು ನಾನು ನಂಬುವುದಿಲ್ಲ.

ಮರ ಬಿದ್ದು ಕರೆಂಟು ಹೋದ ತಕ್ಷಣ ನೆಟ್‌ವರ್ಕ್ ಹೋಗುವುದಿಲ್ಲ. ಟವರಿನ ಬ್ಯಾಟರಿ ಮುಗಿದ ಮೇಲೆ ಹೋಗುತ್ತದೆ. ಹಾಗಾಗಿ ಹಗಲೆಲ್ಲ ಕರೆಂಟಿಲ್ಲದ ದಿನ ಸಂಜೆಯ ಪರೀಕ್ಷೆ ಮುಂದೂಡುತ್ತೇನೆ. ಸಂಜೆಯೇ ಏಕೆಂದರೆ, ತೋಟದ ಕೆಲಸಗಾರರ ಲೈನ್ ಮನೆಗಳಲ್ಲಿ ಇರುವ ಒಂದೇ ಫೋನ್ ಬೆಳಿಗ್ಗೆ ಅಪ್ಪನ ಜೊತೆ ತೋಟಕ್ಕೆ ಹೋಗಿರುತ್ತದೆ. 5ರಿಂದ 9 ಗಂಟೆಯೊಳಗೆ ಯಾವಾಗ ಬೇಕಾದರೂ ಒಂದೂವರೆ ಗಂಟೆ ಕೂತು ಬರೆಯಬಹುದು.

ಪ್ರಶ್ನೆಪತ್ರಿಕೆಯನ್ನು ಪಾಸ್‌ವರ್ಡ್ ಹಾಕಿದ ಪಿಡಿಎಫ್ ಮಾಡಿ ಹಿಂದಿನ ದಿನವೇ ಕಳಿಸಿ, ಪಾಸ್‌ವರ್ಡನ್ನು ಪರೀಕ್ಷೆಯ ಹೊತ್ತಿಗೆ ಎಸ್‌ಎಂಎಸ್ ಮಾಡುತ್ತೇನೆ. ಇಂಟರ್ನೆಟ್ ಇಲ್ಲದಿದ್ದರೂ ಎಸ್‌ಎಂಎಸ್ ತಲುಪುತ್ತದೆ. ‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡಿದ ವರ್ಡ್ ಫೈಲನ್ನು ಹಾಗೇ ಕಳಿಸಬೇಡಿ, ಫಾಂಟ್ ಇಲ್ಲದ ಫೋನಿನಲ್ಲಿ ಅಕ್ಷರವೆಲ್ಲ ಕಲಸಿಹೋಗುತ್ತದೆ.

ಉತ್ತರ ಹಾಳೆಯಲ್ಲೇ ಬರೆಯಲಿ. ಹೆಚ್ಚು ಎಡವಟ್ಟಾಗುವುದು ಅದನ್ನು ಕಳಿಸುವಾಗ. ಆರು ಪುಟದ ಫೋಟೋ, ಒಂದೊಂದು 4 ಎಂಬಿಯಂತೆ 24 ಎಂಬಿ. ಅಪ್‌ಲೋಡ್ ವೇಗ ಅರ್ಧ ಎಂಬಿಪಿಎಸ್ (ಸೆಕೆಂಡಿಗೆ ಅರ್ಧ ಮೆಗಾಬಿಟ್; ಎಂಟು ಮೆಗಾಬಿಟ್ ಸೇರಿದರೆ ಒಂದು ಎಂಬಿ) ಇದ್ದರೆ ಆರು ನಿಮಿಷ ದಾಟುತ್ತದೆ, ನಡುವೆ ಕಡಿದರೆ ಮತ್ತೆ ಮೊದಲಿನಿಂದ. ವಾಟ್ಸಾಪಿನಲ್ಲಿ ಡಾಕ್ಯುಮೆಂಟ್ ಬದಲು ಫೋಟೋ ಎಂದೇ ಕಳಿಸಿದರೆ ಅದು ತಾನಾಗಿ ಕುಗ್ಗಿಸುತ್ತದೆ, ಎಲ್ಲ ಸೇರಿ 2 ಎಂಬಿ ಒಳಗೆ ಬಂದರೆ ಅರ್ಧ ನಿಮಿಷ ಸಾಕು. ಹಾಗೆ ಕುಗ್ಗಿದಾಗ ಸಣ್ಣ ಘಾತಸೂಚಿ (x²ನಲ್ಲಿ ಮೇಲಿರುವ 2ರಂಥದು) ಮಸುಕಾಗುತ್ತದೆ, ಗಣಿತದಲ್ಲಿ ದಪ್ಪಕ್ಷರ ಬೇಕು. ಬಲ್ಬಿನ ನೇರ ಕೆಳಗೆ ಹಾಳೆ ಇಟ್ಟರೆ ಫೋನಿನ ನೆರಳು ಉತ್ತರದ ಮೇಲೇ ಬೀಳುತ್ತದೆ. ಬೆಳಕು ಪಕ್ಕದಿಂದ ಬರಲಿ. ಪ್ರತಿ ಪುಟದ ತಲೆಯಲ್ಲಿ ಹಾಜರಿ ಸಂಖ್ಯೆ, ಪುಟ ಸಂಖ್ಯೆ ಇರಲೇಬೇಕು.

ಬಹು ಆಯ್ಕೆಯ ಪ್ರಶ್ನೆಗೆ ಗೂಗಲ್ ಫಾರ್ಮ್ ಬಳಸುವವರು ‘ಒಬ್ಬರಿಗೆ ಒಂದೇ ಉತ್ತರ’ ಎಂಬ ಮಿತಿ ತೆಗೆದುಬಿಡಿ. ಆ ಮಿತಿ ಗೂಗಲ್ ಖಾತೆಗೆ ಅನ್ವಯಿಸುತ್ತದೆ, ಹಾಗಾಗಿ ಅಪ್ಪನ ಖಾತೆಯಿಂದ ಅಕ್ಕ ಬರೆದ ಮೇಲೆ ತಮ್ಮನಿಗೆ ಫಾರ್ಮ್ ತೆರೆಯುವುದಿಲ್ಲ. ಮಿತಿ ತೆಗೆದರೂ ಖಾತೆಗೆ ಲಾಗಿನ್ ಆಗಿಯೇ ಬರೆಯಲು ಹೇಳಿ. ನಡುವೆ ಕರೆ ಬಂದು ಪುಟ ಹೊಸದಾಗಿ ತೆರೆದುಕೊಂಡರೂ ಗುರುತು ಹಾಕಿದ ಉತ್ತರ ಉಳಿದಿರುತ್ತದೆ.

ನಕಲಿನ ಭಯಕ್ಕೆ ಕ್ಯಾಮೆರಾ ಆನ್ ಮಾಡಿಸುವುದು ನನಗೆ ಒಪ್ಪಿಗೆಯಿಲ್ಲ. ಡೇಟಾ ಖಾಲಿಯಾಗುತ್ತದೆ, ಮನೆಯ ಒಳಗು ಎಲ್ಲರಿಗೂ ಕಾಣುತ್ತದೆಂದು ಮಕ್ಕಳು ಮುದುಡುತ್ತಾರೆ. ಪ್ರಶ್ನೆಯನ್ನೇ ಬದಲಿಸಿ: ‘ವಿಭವಾಂತರ 7 ವೋಲ್ಟ್, ರೋಧ ನಿನ್ನ ಹಾಜರಿ ಸಂಖ್ಯೆಯಷ್ಟು ಓಮ್, ವಿದ್ಯುತ್ ಪ್ರವಾಹ ಎಷ್ಟು?’ 14ನೇ ನಂಬರಿನವರಿಗೆ 7 ÷ 14, ಅಂದರೆ 0.5 ಆಂಪಿಯರ್, ಪಕ್ಕದವರಿಗೆ ಬೇರೆ.

ಉತ್ತರ ತಲುಪದ ಮಗುವಿಗೆ ಸೊನ್ನೆ ಹಾಕಬೇಡಿ. ಮರುದಿನ ಫೋನ್ ಮಾಡಿ ಅದೇ ಪತ್ರಿಕೆಯ ನಾಲ್ಕು ಪ್ರಶ್ನೆ ಕೇಳಿ, ಬರೆದ ಹಾಳೆಯನ್ನು ಶಾಲೆ ತೆರೆದಾಗ ತರಿಸಿಕೊಳ್ಳಿ.