ದರಗು ಗುಡಿಸುವ ಮುನ್ನ ಕಾಡುಕೋಳಿ ಗೂಡು ಗುರುತಿಸುವುದು ಹೇಗೆ?

ತೀರ್ಥಹಳ್ಳಿ, ಹೊಸನಗರ, ಸಾಗರದ ಸೊಪ್ಪಿನಬೆಟ್ಟಗಳಲ್ಲಿ (ತೋಟಕ್ಕೆ ಸೊಪ್ಪು ತರುವ ಕಾಡು) ದರಗು, ಅಂದರೆ ಉದುರಿದ ಒಣ ಎಲೆ, ಗುಡಿಸುವ ಹೊತ್ತಿಗೇ ಬೂದು ಕಾಡುಕೋಳಿಗೂ ಬಾಣಂತನ. ವರ್ಷದ ಬೇರೆ ದಿನಗಳಲ್ಲೂ ಮೊಟ್ಟೆಯಿಡುವುದುಂಟು. ಜೋರು ಮಾತ್ರ ಫೆಬ್ರುವರಿಯಿಂದ ಮೇವರೆಗೆ. ಗೂಡು ನೆಲದಲ್ಲೇ ಇರುವುದರಿಂದ ಕುಂಟೆಯ ಹಲ್ಲಿಗೆ ಸಿಗುವುದು ಸುಲಭ.

ಮೊದಲು ಕಿವಿಗೊಡಿ. ಬೆಳಗಿನ ಜಾವ ಹುಂಜ ರೆಕ್ಕೆ ಬಡಿದು 'ಕುಕ್, ಕಾಯ ಕಾಯ ಕುಕ್' ಎಂದು ಕೂಗುತ್ತದೆ. ದಿನವೂ ಒಂದೇ ದಿಕ್ಕಿನಿಂದ ಕೂಗು ಬಂದರೆ ಅದು ಅದರ ಸರಹದ್ದು. ಹೇಂಟೆಯೂ ಅಲ್ಲೇ ಸುತ್ತಮುತ್ತ ಇರಬಹುದು.

ಎರಡನೆಯದು ಗುರುತು. ಹುಂಜದ ಕತ್ತಿನ ಗರಿಗಳ ಮೇಲೆ ಅರಗಿನ ಹನಿ ಮೆತ್ತಿದಂಥ ಹಳದಿ ಚುಕ್ಕೆ, ಮೈ ಬೂದು, ಬಾಲ ಹೊಳೆಯುವ ಕಪ್ಪು ಕುಡುಗೋಲು. ಹೇಂಟೆ ಕಂದು, ಎದೆಯಲ್ಲಿ ಕಪ್ಪು ಅಂಚಿನ ಬಿಳಿ ಗರಿ, ಕಾಲು ಹಳದಿ. ಮಳೆಗಾಲದಲ್ಲಿ ಹುಂಜ ಕತ್ತಿನ ಗರಿ, ಉದ್ದ ಬಾಲ ಉದುರಿಸಿಕೊಂಡು ಬೋಳುಬೋಳಾಗುತ್ತದೆ. ಅದನ್ನು ಬೇರೆ ಜಾತಿ ಎಂದುಕೊಳ್ಳುವವರೂ ಉಂಟು. ನಮ್ಮ ಬೂದು ಕಾಡುಕೋಳಿಯಲ್ಲಿ ಉಪಜಾತಿಗಳೇ ಇಲ್ಲ. ಐದು ಉಪಜಾತಿ ಇರುವುದು ಕೆಂಪು ಕಾಡುಕೋಳಿಗೆ. ಅದರ ಸೀಮೆ ಉತ್ತರ, ಈಶಾನ್ಯ ಭಾರತ ಮತ್ತು ಆಗ್ನೇಯ ಏಷ್ಯಾ. ನಾಟಿಕೋಳಿಯ ಮೂಲವೂ ಕೆಂಪು ಕೋಳಿಯೇ. ಆದರೆ ನಾಟಿಕೋಳಿಯ ಹಳದಿ ಚರ್ಮದ ಗುಣ ಬೂದು ಕಾಡುಕೋಳಿಯಿಂದ ಬಂದದ್ದೆಂದು 2008ರಲ್ಲಿ ವಂಶವಾಹಿ ಅಧ್ಯಯನ ತೋರಿಸಿತು. ಸಾರಿನ ಕೋಳಿಯಲ್ಲೂ ಘಟ್ಟದ ನೆಂಟಸ್ತಿಕೆ ಇದೆ!

ಇನ್ನು ಗೂಡು. ಬಿದಿರುಮೆಳೆ, ಲಂಟಾನದ ಬುಡ, ದಟ್ಟ ಮಟ್ಟಿಯ ಅಡಿ ನೋಡಿ. ನೆಲ ಕೆದಕಿದ ಸಣ್ಣ ಗುಳಿ, ಒಳಗೆ ಒಣ ಎಲೆ, ಅದರಲ್ಲಿ ಕೆನೆಬಣ್ಣದ ನಾಲ್ಕರಿಂದ ಏಳು ಮೊಟ್ಟೆ. ಕೋಲಿನಿಂದ ಪೊದೆ ಕೆದಕಬೇಡಿ. ಹೇಂಟೆ ಹಾರಿದರೆ ಮುಂಗುಸಿ, ಉಡಕ್ಕೆ ದಾರಿ ತೋರಿಸಿದಂತೆ.

ಮೊಟ್ಟೆ ತಣ್ಣಗಿದ್ದು ಹೇಂಟೆ ಕಾಣದಿದ್ದರೆ ಬಿಟ್ಟುಹೋಗಿದೆ ಎಂದು ತಿಳಿಯುವುದು ತಪ್ಪು. ಎಲ್ಲ ಮೊಟ್ಟೆ ಇಟ್ಟ ಮೇಲಷ್ಟೇ ಅದು ಕಾವಿಗೆ ಕೂರುತ್ತದೆ. ಮನೆಗೆ ತಂದು ನಾಟಿ ಹೇಂಟೆಯಡಿ ಇಡುವುದಂತೂ ಬೇಡ. ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧ. ಮರಿಯಾದರೂ ಕೋಳಿಗೂಡಿನ ರೋಗಗಳಿಗೆ ಸಿಕ್ಕುವ ಭಯ ಇದ್ದೇ ಇದೆ.

ಗೂಡಿನ ಸುತ್ತ ನಾಲ್ಕೈದು ಮಾರು ದರಗು ಹಾಗೇ ಬಿಟ್ಟು, ದೂರದ ಮರಕ್ಕೊಂದು ಬಟ್ಟೆಚೂರು ಕಟ್ಟಿ, ಕೆಲಸದವರಿಗೂ ಹೇಳಿಡಿ. ನಾಯಿಯನ್ನು ಆ ಕಡೆ ಬಿಡಬೇಡಿ. ಕಾವು ಸುಮಾರು 21 ದಿನ. ಒಡೆದ ಸಿಪ್ಪೆ ಉಳಿದಿದ್ದು ಗೂಡು ಬರಿದಾಗಿದ್ದರೆ ಮರಿಗಳು ತಾಯಿಯ ಹಿಂದೆ ಗೆದ್ದಲು ಹೆಕ್ಕಲು ಹೊರಟಿವೆ. ಆಮೇಲೆ ಉಳಿದ ದರಗನ್ನೂ ಗುಡಿಸಬಹುದು.